ನಿಮಗೇನ್ರೀ, ಬರೀ ರಜೆ!

"ಟೀಚರ್, ನಿಮಗೆ ವರ್ಷಕ್ಕೆ ಎಷ್ಟು ದಿನ ರಜೆ?"

ಇದು ಪ್ರಶ್ನೆ. ಕೆಲವರಿಗೆ ಇಷ್ಟು ಕೇಳುವ ತಾಳ್ಮೆಯೂ ಇರುವುದಿಲ್ಲ. "ನಿಮಗೇನ್ರೀ, ಬರೀ ರಜೆ" ಎಂದು ತೀರ್ಪೇ ಕೊಟ್ಟುಬಿಡುತ್ತಾರೆ. ಕೊಟ್ಟು ನನ್ನ ಮುಖ ನೋಡುತ್ತಾರೆ, ನಾನು ನಗಬೇಕು ಅಂತ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಗುತ್ತಿದ್ದೆ. ಆಮೇಲೆ ಕೆಲವು ವರ್ಷ ಕೂರಿಸಿಕೊಂಡು ವಿವರಿಸಿದೆ. ಈಗ ಎರಡೂ ಸಾಕಾಗಿದೆ. ಇನ್ನು ಯಾರೇ ಕೇಳಲಿ, ಇದನ್ನೇ ವಾಟ್ಸಾಪ್‌ನಲ್ಲಿ ಕಳಿಸುವುದು, ಅಷ್ಟೇ.

2024ರ ಮೇ 7ರಂದು ನಮ್ಮ ಶಿವಮೊಗ್ಗದಲ್ಲಿ ಲೋಕಸಭಾ ಚುನಾವಣೆ. ನನಗೆ ಮತಗಟ್ಟೆ ಕೆಲಸ. 6ರ ಬೆಳಿಗ್ಗೆ ಮಸ್ಟರಿಂಗ್‌ಗೆ, ಅಂದರೆ ಮತಯಂತ್ರ ಪಡೆಯಲು ಹೋದೆ. ರಾತ್ರಿ ಮತಗಟ್ಟೆಯ ಬೆಂಚಿನ ಮೇಲೆ ಮಲಗಿದ್ದು. ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಸಂಜೆ ಯಂತ್ರ ಸೀಲ್ ಮಾಡಿ, ವಾಪಸ್ ಒಪ್ಪಿಸಿ ಮನೆ ಸೇರಿದಾಗ ರಾತ್ರಿ ಒಂದೂವರೆ. 9ಕ್ಕೆ ಸಂಬಂಧಿಕರೊಬ್ಬರ ವೈಕುಂಠ ಸಮಾರಾಧನೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ದೂರದ ಮಾವ ಒಬ್ಬರು ಬಂದು ಕೂತರು. ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು.

"ಈಗ ರಜೆ ಅಲ್ವಾ? ಮಜಾ ಮಾಡ್ತಿದೀಯ?"

ಕಣ್ಣಿನ್ನೂ ಉರಿಯುತ್ತಿತ್ತು. "ಹ್ಞೂಂ" ಅಂದೆ. ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಹೋಳಿಗೆ ಬಂತು. ಮೇಲೆ ತುಪ್ಪ ಹಾಕಿಸಿಕೊಂಡು, ಎದುರು ಸಾಲಿನವರಿಗೂ ಕೇಳುವ ಹಾಗೆ ಹೇಳಿದರು: "ಮಾಡಿದ್ರೆ ಮೇಷ್ಟ್ರ ಕೆಲಸ ಮಾಡ್ಬೇಕು ನೋಡಿ. ಆರು ತಿಂಗಳು ಕೆಲಸ, ಹನ್ನೆರಡು ತಿಂಗಳು ಸಂಬಳ!" ಸತ್ತವರ ಮನೆ ಅನ್ನುವುದನ್ನೂ ಮರೆತು ಎಲ್ಲರೂ ನಕ್ಕರು. ಮಜ್ಜಿಗೆ ಬರುವವರೆಗೂ ನಾನು ಎಲೆ ನೋಡಿಕೊಂಡು ಕೂತಿದ್ದೆ. ಉತ್ತರ ಈಗ ಕೊಡುತ್ತಿದ್ದೇನೆ.

ನಮ್ಮ ರಜೆ ಆರು ತಿಂಗಳಲ್ಲ ಮಾವ, ನಾಲ್ಕು. ಎಣಿಸಿದ್ದೇನೆ. ಆ ವರ್ಷ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ದಸರಾ ರಜೆ ಅಕ್ಟೋಬರ್ 3ರಿಂದ 20, ಅಂದರೆ 18 ದಿನ. ಅವುಗಳೊಳಗೆ ಬಾರದ ಭಾನುವಾರ 42. ಹಬ್ಬ, ಜಯಂತಿ ಅಂತ ಇನ್ನೊಂದು ಹತ್ತು ಹದಿನೈದು. ಎಲ್ಲ ಸೇರಿ ನೂರಿಪ್ಪತ್ತರ ಆಸುಪಾಸು. ಈಗ ಕಚೇರಿಯವರದ್ದು ನೋಡೋಣ. ಭಾನುವಾರ 52. ಎರಡನೇ, ನಾಲ್ಕನೇ ಶನಿವಾರ ಸೇರಿ 24. ಗಳಿಕೆ ರಜೆ 30. (ನಮಗೆ ಅದು 10 ಮಾತ್ರ, ಬೇಸಿಗೆ ರಜೆ ಇದೆಯಲ್ಲ ಎಂಬ ಕಾರಣಕ್ಕೆ.) ಅದರ ಮೇಲೆ ಹಬ್ಬಗಳು. ಕೂಡಿಸಿ ನೋಡಿ, ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ನಿಮ್ಮದು ಚಿಲ್ಲರೆ, ನಮ್ಮದು ಇಡಿಗಂಟು. ಇಡಿಗಂಟು ಎಲ್ಲರ ಕಣ್ಣಿಗೂ ಕುಕ್ಕುತ್ತದೆ.

ಸುಳ್ಳು ಯಾಕೆ ಹೇಳಲಿ, ಮೇ ತಿಂಗಳಲ್ಲಿ ಅಂಗಳದ ಹಲಸಿನ ಹಪ್ಪಳ ಕಾಯುತ್ತಾ ಕೂರುವ ಸುಖ ನನಗೂ ಇಷ್ಟ. ಕೂರಲು ಬಿಟ್ಟರೆ. ವಿಧಾನಸಭಾ ಚುನಾವಣೆ 2018ರಲ್ಲಿ ಮೇ 12ಕ್ಕೆ, 2023ರಲ್ಲಿ ಮೇ 10ಕ್ಕೆ. ಲೋಕಸಭೆಯದ್ದು 2019ರಲ್ಲಿ ಏಪ್ರಿಲ್ 18 ಮತ್ತು 23, 2024ರಲ್ಲಿ ಏಪ್ರಿಲ್ 26 ಮತ್ತು ಮೇ 7. ಪ್ರಜಾಪ್ರಭುತ್ವಕ್ಕೂ ನಮ್ಮ ಬೇಸಿಗೆ ರಜೆಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ.

ದಸರಾ ರಜೆಯಾದರೂ ಉಳಿಯಿತಾ? 2025ರಲ್ಲಿ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಕರೆಂಟ್ ಮೀಟರ್ ಹತ್ತಿರ ಅಂಟಿಸಿದ ಚೀಟಿ ಹುಡುಕಿಕೊಂಡು ಮನೆ ಮನೆಗೆ ಹೋಗಬೇಕು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ. ಗುಡ್ಡದ ಮೇಲೆ ನೆಟ್‌ವರ್ಕ್ ಉಂಟು, ಒಟಿಪಿ ಹೇಳಬೇಕಾದ ಯಜಮಾನರು ಕೆಳಗೆ ತೋಟದಲ್ಲಿ. ಅಕ್ಟೋಬರ್ 7ಕ್ಕೆ ಮುಗಿಯಲಿಲ್ಲ. ಅದಕ್ಕಾಗಿ 18ರವರೆಗೆ ಶಾಲೆ ಮುಚ್ಚಿದರು. ಸುದ್ದಿ ಬಂದದ್ದು ಹೇಗೆ? ಶಾಲೆಗಳಿಗೆ ರಜೆ ವಿಸ್ತರಣೆ! ಆ ದಿನ ಒಂದು ಮನೆಯ ಜಗುಲಿಯಲ್ಲಿ ಕೂತಿದ್ದೆ. ಮನೆಯವರು ಪೇಪರ್ ಮಡಚಿಟ್ಟು, "ಮತ್ತೆ ಹತ್ತು ದಿನ ರಜೆಯಂತಲ್ಲ ಟೀಚರ್, ನೀವೇ ಪುಣ್ಯವಂತರು" ಅಂದರು. ಅವರ ಮನೆಯ ಮಾಹಿತಿಯನ್ನೇ ನಾನು ಮೊಬೈಲಿಗೆ ತುಂಬುತ್ತಿದ್ದೆ.

ಹೋಗಲಿ ಬಿಡಿ. ನನಗೆ ಸಿಟ್ಟು ತರಿಸುವುದು ಆ "ಎಷ್ಟು" ಅನ್ನುವ ಪದ. ಎಷ್ಟು ಅಂತ ಕೇಳದವರಿಲ್ಲ. ಯಾವಾಗ ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಶಾಲೆ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು? ಅದನ್ನು ಕೇಳಿದರೆ ಕಾಫಿ ಮಾಡಿಕೊಟ್ಟು ಉತ್ತರ ಹೇಳುತ್ತೇನೆ.

ನಾನು ಮೊದಲ ಎಂಟು ವರ್ಷ ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ. ಈಗ ಹೊಸನಗರ ತಾಲ್ಲೂಕು. ಎರಡು ಕಡೆಯೂ ಶಾಲೆ ತೆರೆಯುವುದು ಒಂದೇ ದಿನ, ಮುಚ್ಚುವುದು ಒಂದೇ ದಿನ. ರಾಯಚೂರಿನಲ್ಲಿ ಮಾರ್ಚ್‌ನಲ್ಲೇ ಮಧ್ಯಾಹ್ನದ ಹೊತ್ತು ಮಕ್ಕಳು ತೂಕಡಿಸಿ ಬೀಳುತ್ತಿದ್ದವು. ಏಪ್ರಿಲ್, ಮೇನಲ್ಲಿ ಅಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ಅಂದರೆ ಒಂದೊಂದು ಸೀಮೆಯ ಬಿಸಿಲು ಒಂದೊಂದು ತರ ಅಂತ ಸರ್ಕಾರಕ್ಕೆ ಗೊತ್ತಿದೆ. ಕಚೇರಿಯ ಮಟ್ಟಿಗೆ.

ಅಲ್ಲಿನ ನಿಜವಾದ ರಜೆ ಬೇಸಿಗೆಯದ್ದೂ ಅಲ್ಲ. ದಸರಾ ಮುಗಿಸಿ ಶಾಲೆ ತೆರೆದರೆ ನನ್ನ ಆರನೇ ತರಗತಿ ಅರ್ಧ ಖಾಲಿ. "ಹತ್ತಿ ಬಿಡಿಸಾಕ ಹೋಗ್ಯಾರ್ರೀ ಟೀಚರ್" ಎಂದು ಉಳಿದವರು ಹಾಜರಿ ಹೇಳುತ್ತಿದ್ದರು. ಹತ್ತಿ ಮುಗಿಯಿತು ಅಂದರೆ ಮೆಣಸಿನಕಾಯಿ. ಅದೂ ಮುಗಿದರೆ ಕೆಲವು ಮನೆಗಳಿಗೆ ಬೀಗ, ಬೆಂಗಳೂರಿಗೆ ಗುಳೆ. ನಾನು ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದೆ, ಅದನ್ನು ಕಲಿಯಬೇಕಾದ ಹುಡುಗಿ ಹೊಲದಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಹತ್ತಿ ಬಿಡಿಸುತ್ತಿದ್ದಳು. ಏಪ್ರಿಲ್‌ನಲ್ಲಿ ಅವಳು ವಾಪಸ್ ಬಂದಾಗ ನಾವು ಶಾಲೆಗೆ ಬೀಗ ಹಾಕಿ ಹೊರಡುತ್ತಿದ್ದೆವು. ಎಂಟು ವರ್ಷವೂ ಇದೇ.

ಹೊಸನಗರದಲ್ಲಿ ಇದು ತಿರುಗಾಮುರುಗಾ. ಮೇ ಕೊನೆಗೆ ಶಾಲೆ ತೆರೆಯುತ್ತೇವೆ, ಹಿಂದೆಯೇ ಮಳೆ. ಮಳೆಗೇ ಹೆಸರಾದ ಹುಲಿಕಲ್ ಇರುವ ತಾಲ್ಲೂಕು ಇದು, ಬೇರೆ ಹೇಳಬೇಕಾಗಿಲ್ಲ. ಜುಲೈನಲ್ಲಿ ರಾತ್ರಿ ಎಂಟಾದರೆ ಊರೆಲ್ಲ ಮೊಬೈಲ್ ನೋಡುತ್ತಾ ಕೂರುತ್ತದೆ, ನಾಳೆ ಡಿಸಿ ರಜೆ ಕೊಟ್ಟರಾ ಅಂತ. ಕೆಲವೊಮ್ಮೆ ಆ ಸುದ್ದಿ ಬೆಳಿಗ್ಗೆ ಬರುತ್ತದೆ, ಅಷ್ಟರಲ್ಲಿ ಮಕ್ಕಳು ಅರ್ಧ ದಾರಿ ನಡೆದಿರುತ್ತಾರೆ. ಹೀಗೆ ಬಿಡಿಬಿಡಿಯಾಗಿ ಹೋದ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ತೀರಿಸಬೇಕು. ಏಪ್ರಿಲ್‌ನಲ್ಲೋ, ನಮ್ಮ ಶಾಲೆಯ ಹಿಂದಿನ ಮರಗಳ ಕೆಳಗೆ ಪಾಠ ಮಾಡುವಷ್ಟು ತಂಪು. ಆಗ ಶಾಲೆಗೆ ಬೀಗ. 2025ರಲ್ಲಿ ಕೇರಳದ ಶಿಕ್ಷಣ ಸಚಿವರು, ಏಪ್ರಿಲ್-ಮೇ ರಜೆಯನ್ನು ಜೂನ್-ಜುಲೈಗೆ ಬದಲಾಯಿಸಬಹುದೇ ಎಂದು ಜನರನ್ನೇ ಕೇಳಿದರು. ಪೇಪರ್‌ನಲ್ಲಿ ಓದಿ, ಪಕ್ಕದ ಮನೆಯಲ್ಲಿ ಯಾರೋ ನನ್ನ ಮನಸ್ಸಿನ ಮಾತು ಆಡಿದ ಹಾಗಾಯಿತು.

ಮಾವ, ಇದು ನಿಮಗೂ ಗೊತ್ತಿರಲಿಕ್ಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಓದಿ. ಶಾಲಾ ಕ್ಯಾಲೆಂಡರ್ ನಿರ್ಧರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಅದರಲ್ಲಿದೆ. ಪಂಚಾಯಿತಿಯೂ ಆ ಪದದೊಳಗೆ ಬರುತ್ತದೆ. ಕಾಯ್ದೆ ಕೇಳುವುದು ಐದನೇ ತರಗತಿವರೆಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ. ಯಾವ 220 ಅನ್ನುವುದನ್ನು ಊರು ಹೇಳಬಹುದು. ನಮಗೆ ಮಾತ್ರ ಈಗಲೂ ಬೆಂಗಳೂರಿನಿಂದ ಪಿಡಿಎಫ್ ಬರುತ್ತದೆ.

ಶನಿವಾರದ ವಿಷಯ ಎತ್ತಿದರೆ ನನ್ನ ಸಹೋದ್ಯೋಗಿಗಳೇ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ವಾರಕ್ಕೆ ಐದೇ ದಿನ ಶಾಲೆ ಇರಲಿ ಅಂತ ಅವರ ವಾದ. ತಪ್ಪೇನಿಲ್ಲ. ಬೆಳಗಿನ ಶಾಲೆಗೆ ಬಸ್ಸು ಸಿಗುವುದಿಲ್ಲ. ಮಧ್ಯಾಹ್ನವಾದರೆ ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಭೆ. ಪಾಠದ ತಯಾರಿ, ನೋಟ್ಸ್ ತಿದ್ದುವುದು ಎಲ್ಲ ಭಾನುವಾರಕ್ಕೆ. ನಾನೂ ಒಂದು ಕಾಲದಲ್ಲಿ ಹೌದು ಅನ್ನುತ್ತಿದ್ದೆ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರುವಾಯಿತು. ನಮ್ಮಲ್ಲಿ ಒಬ್ಬ ಹುಡುಗ ಶನಿವಾರ ಮೊಟ್ಟೆಯನ್ನು ತಿನ್ನದೆ ಜೇಬಿಗೆ ಹಾಕಿಕೊಳ್ಳುತ್ತಾನೆ, ಮನೆಯಲ್ಲಿರುವ ತಂಗಿಗೆ. ಶನಿವಾರ ರಜೆ ಕೊಡಿ ಎಂಬ ಮನವಿಗೆ ಸಹಿ ಕೇಳಿದಾಗ ನನಗೆ ಆ ಜೇಬು ಕಣ್ಣಿಗೆ ಬಂತು. ಸಹಿ ಹಾಕಲಿಲ್ಲ. ಮಕ್ಕಳಿಗೆ ಶನಿವಾರ ಊಟ, ಆಟ, ಹಾಡು ಇರಲಿ. ನಮಗೆ ಸರದಿ ಮೇಲೆ ತಿಂಗಳಿಗೆ ಎರಡು ಶನಿವಾರವನ್ನು ತಯಾರಿಗೆ ಬಿಡಲಿ. ನನ್ನ ಬೇಡಿಕೆ ಅಷ್ಟೇ. ಇದಕ್ಕೆ ಶಿಕ್ಷಕರ ಸಂಘದವರೂ ಒಪ್ಪಲಿಲ್ಲ, ಅದು ಬೇರೆ ಕಥೆ.

ಕಳೆದ ಜುಲೈನಲ್ಲಿ ಒಂದು ದಿನ ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನನ್ನ ಧ್ವನಿ ಎರಡನೇ ಬೆಂಚಿಗೂ ತಲುಪುತ್ತಿರಲಿಲ್ಲ. ಪಾಠ ನಿಲ್ಲಿಸಿ, ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಮಕ್ಕಳನ್ನೇ ಕೇಳಿದೆ. ರಜೆಯನ್ನು ಮಳೆಗಾಲಕ್ಕೆ ಹಾಕಿ, ಮೇನಲ್ಲಿ ಶಾಲೆ ಇಟ್ಟರೆ ಹೇಗೆ? ನನ್ನ ಇಷ್ಟು ವರ್ಷದ ವಾದ ಗೆಲ್ಲುತ್ತದೆ ಅಂದುಕೊಂಡಿದ್ದೆ.

"ಮೇನಲ್ಲಿ ಶಾಲೆ ಇಟ್ರೆ ಅಜ್ಜಿ ಮನೆಗೆ ಹೋಗೂದು ಯಾವಾಗ ಟೀಚರ್?"

"ಮಳೇಲಿ ರಜೆ ಕೊಟ್ರೆ ಎಂತ ಮಾಡೂದು? ಮನೇಲಿ ಕರೆಂಟೇ ಇರಲ್ಲ."

ಕೈ ಎತ್ತಿಸಿದೆ. 28 ಮಕ್ಕಳಲ್ಲಿ ಮಳೆಗಾಲದ ರಜೆಗೆ ಕೈ ಎತ್ತಿದವರು ಮೂವರು. ಮೂವರೂ ಹಳ್ಳ ದಾಟಿ ಬರುವವರು.