ಕೈಯಲ್ಲಿ ಎಳೆಯುವ ಬೋಲ್ಟ್ ಇನ್ನೂ ಯಾಕಿದೆ?

ಹಳೆಯ ಯಂತ್ರಗಳ ಬಗ್ಗೆ, ಅದರಲ್ಲೂ ಕೋವಿಗಳ ಒಳಗಿನ ಕೆಲಸದ ಬಗ್ಗೆ ನಾನು ಬರೆಯುತ್ತೇನೆ ಅಂತ ಗೊತ್ತಾದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಟ್ರಿಗರ್ ಒತ್ತಿದರೆ ಸಾಕು, ಉಳಿದದ್ದೆಲ್ಲ ತಾನೇ ಆಗುವ ರೈಫಲ್‌ಗಳು ಬಂದು ನೂರು ವರ್ಷ ದಾಟಿತು. ಆದರೂ ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ರೈಫಲ್ ಯಾಕೆ ಇನ್ನೂ ತಯಾರಾಗುತ್ತಿದೆ?" ಹಳೆಯದರ ಮೇಲಿನ ಮೋಹ ಅಂತ ಅವರೇ ಉತ್ತರ ಊಹಿಸಿರುತ್ತಾರೆ. ಮೋಹ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಅಸಲು ಕಾರಣ ಬೇರೆ. ತೋಟಾ ಎಷ್ಟು ಜೋರಾಗಿ ಸಿಡಿಯಿತು ಅನ್ನುವುದು ಮನುಷ್ಯನ ಕೈಗೆ ದೊಡ್ಡ ವಿಷಯವಲ್ಲ. ತಾನೇ ಲೋಡ್ ಆಗುವ ಯಂತ್ರ ಬದುಕುವುದೇ ಅದರ ಮೇಲೆ.

ಮೊದಲು ಆಕ್ಷನ್ ಅಂದರೆ ಏನು ನೋಡೋಣ. ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಆಕ್ಷನ್ನಿನ ಕೆಲಸ ಈ ತೋಟಾವನ್ನು ನಳಿಗೆಯ ಹಿಂದಿನ ಚೇಂಬರಿಗೆ ತಳ್ಳುವುದು, ಹಿಂದಿನಿಂದ ಭದ್ರವಾಗಿ ಮುಚ್ಚುವುದು, ಕೇಪಿಗೆ ಹೊಡೆಯುವುದು, ಆಮೇಲೆ ಖಾಲಿ ಕೇಸನ್ನು ಎಳೆದು ಹೊರಗೆ ಎಸೆಯುವುದು. ಕಷ್ಟ ಇರುವುದು ಆ ಮುಚ್ಚುವ ಕೆಲಸದಲ್ಲಿ. .308 ವಿಂಚೆಸ್ಟರ್ ತರಹದ ರೈಫಲ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ. ಗುಂಡು ನಳಿಗೆಯಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟು ಹೊತ್ತು ಬಾಗಿಲು ತೆರೆಯಬಾರದು. ಆಮೇಲೆ ತೆರೆಯಲೇಬೇಕು. ಎಲ್ಲ ಆಕ್ಷನ್‌ಗಳ ಮುಂದಿರುವ ಸಮಸ್ಯೆ ಇದೇ: ಯಾರು ತೆರೆಯಬೇಕು, ಯಾವಾಗ, ಯಾವ ಶಕ್ತಿಯಿಂದ?

ಬೋಲ್ಟ್ ಆಕ್ಷನ್ ಮನೆಬಾಗಿಲಿನ ಚಿಲಕದ ಹಾಗೆ. ಮುಂದೆ ತಳ್ಳಿ ತಿರುಗಿಸಿದರೆ ಬೀಗ, ಎತ್ತಿ ಹಿಂದೆ ಎಳೆದರೆ ಬಿಡುಗಡೆ. ಸೈನ್ಯಕ್ಕೆ ಇದನ್ನು ಮೊದಲು ತಂದದ್ದು ಪ್ರಷ್ಯಾ, 1841ರಲ್ಲಿ, ಡ್ರೈಜೆಯ ಸೂಜಿ ಕೋವಿಯ ಮೂಲಕ. ಆಗ ತೋಟಾ ಕಾಗದದ್ದು. ಉದ್ದನೆಯ ಸೂಜಿ ಕಾಗದವನ್ನೂ ಮದ್ದನ್ನೂ ತೂರಿಕೊಂಡು ಹೋಗಿ ಗುಂಡಿನ ಬುಡದಲ್ಲಿದ್ದ ಕೇಪಿಗೆ ತಾಗಬೇಕಿತ್ತು. ಸಂದಿನಿಂದ ಬಿಸಿ ಹೊಗೆ ಹಿಂದೆ ಸೋರುತ್ತಿತ್ತು. ಹಿತ್ತಾಳೆ ಕೇಸು ಬಂದ ಮೇಲೆ ಆ ತಲೆನೋವು ಹೋಯಿತು. ಒತ್ತಡ ಏರಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು ಸಂದನ್ನು ತಾನೇ ಮುಚ್ಚುತ್ತದೆ. ಒತ್ತಡ ಇಳಿದಾಗ ಸ್ವಲ್ಪ ಕುಗ್ಗುತ್ತದೆ. ಎಷ್ಟೋ ಜನ ಆಕ್ಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಈ ಪುಟ್ಟ ಹಿತ್ತಾಳೆ ತುಂಡನ್ನು ಮರೆತೇಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಅದರದ್ದೇ.

ಆದರೆ ಅದು ಯಾವಾಗಲೂ ಸಲೀಸಾಗಿ ಬಿಡುವುದಿಲ್ಲ. ಕೊಳೆ, ಬಿಸಿ, ಚೂರು ದಪ್ಪನೆಯ ತೋಟಾ, ಯಾವುದೋ ಒಂದು ಕಾರಣಕ್ಕೆ ಕೇಸು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ತಿರುಗುವ ಬೋಲ್ಟಿನ ಜಾಣತನ ಇಲ್ಲಿದೆ. ಹಿಡಿಯನ್ನು ಮೇಲೆತ್ತುವಾಗ ಬೋಲ್ಟ್ ಒಂದು ಇಳಿಜಾರಿನ ಮೇಲೆ ಜಾರಿ, ಕೇಸನ್ನು ಕೂದಲೆಳೆಯಷ್ಟು ಹಿಂದಕ್ಕೆ ಮೀಟುತ್ತದೆ. ದೂರ ತೀರಾ ಕಡಿಮೆ, ಬಲ ಬಹಳ ಜಾಸ್ತಿ. ಅಂಟು ಬಿಟ್ಟ ಮೇಲೆ ಉಳಿದದ್ದನ್ನು ಸುಮ್ನೆ ಎಳೆದರೆ ಬರುತ್ತದೆ.

ಈ ಮೀಟುವಿಕೆ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೆ ಕೆನಡಾದ ರಾಸ್ ರೈಫಲ್ ನೋಡಬೇಕು. ಅದರ ಬೋಲ್ಟನ್ನು ತಿರುಗಿಸುವ ಹಾಗೇ ಇಲ್ಲ, ನೇರ ಹಿಂದೆ ಎಳೆದು ನೇರ ಮುಂದೆ ತಳ್ಳಿದರೆ ಮುಗಿಯಿತು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ಅಲ್ವಾ? ನಾಲ್ಕು ಚಲನೆಯ ಜಾಗದಲ್ಲಿ ಎರಡೇ. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಅದೇ ರೈಫಲ್ ಬೆಲ್ಜಿಯಂನ ಇಪ್ರ್‌ನ ಕಂದಕಗಳಿಗೆ ಹೋಯಿತು. ಮಣ್ಣು, ಬಿಸಿ, ಅಳತೆಯಲ್ಲಿ ಅಷ್ಟು ಬಿಗಿಯಿಲ್ಲದ ಯುದ್ಧಕಾಲದ ತೋಟಾಗಳು. ಕೇಸು ಕಚ್ಚಿಕೊಂಡಿತು, ನೇರ ಎಳೆತಕ್ಕೆ ಬರಲಿಲ್ಲ. ಸೈನಿಕರು ಹಿಡಿಯನ್ನು ಬೂಟುಗಾಲಲ್ಲಿ ಒದ್ದು ತೆರೆಯಬೇಕಾಯಿತು. ಬೋಲ್ಟನ್ನು ಬಿಚ್ಚಿ ತಪ್ಪಾಗಿ ಜೋಡಿಸಿದರೆ ಬೀಗ ಬೀಳದೆಯೂ ಗುಂಡು ಹಾರುವ ಅಪಾಯ ಬೇರೆ. ಸಾವಿರಕ್ಕೂ ಹೆಚ್ಚು ಕೆನಡಾ ಸೈನಿಕರು ರಾಸ್ ಬಿಸಾಕಿ, ಬಿದ್ದ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡರು. 1916ರಲ್ಲಿ ಕಾಲಾಳುಗಳ ಕೈಯಿಂದ ಅದನ್ನು ಹಿಂದಕ್ಕೆ ತೆಗೆದರು. ಆದರೆ ಸ್ನೈಪರ್‌ಗಳು ಅದನ್ನೇ ಇಟ್ಟುಕೊಂಡರು. ಅವರ ರೈಫಲ್‌ಗೆ ಆರೈಕೆ ಇತ್ತು, ಆರಿಸಿದ ತೋಟಾ ಇತ್ತು, ಅವಸರ ಇರಲಿಲ್ಲ.

ಇನ್ನೂ ಮಜಾ ಏನೆಂದರೆ ನೇರ ಎಳೆಯುವ ಬೋಲ್ಟ್ ಇವತ್ತು ಒಲಿಂಪಿಕ್ಸ್‌ನಲ್ಲಿ ರಾಜ. ಬಯಾಥ್ಲಾನ್‌ನಲ್ಲಿ ಹಿಮದ ಮೇಲೆ ಸ್ಕೀ ಮಾಡಿ, ಏದುಸಿರು ಬಿಡುತ್ತಾ ಬಂದು, 50 ಮೀಟರ್ ದೂರದ ಐದು ಗುರಿಗೆ ಐದು ಗುಂಡು ಹೊಡೆಯಬೇಕು. ತಾನೇ ಲೋಡ್ ಆಗುವ ರೈಫಲ್‌ಗೆ ನಿಯಮದಲ್ಲೇ ಜಾಗವಿಲ್ಲ. ಅಲ್ಲಿ ಹೆಚ್ಚಿನವರ ಬೆನ್ನ ಮೇಲಿರುವುದು ಆನ್‌ಶುಟ್ಸ್ ಕಂಪನಿಯ ಫೋರ್ಟ್ನರ್ ಆಕ್ಷನ್. ತೋರುಬೆರಳಿಂದ ಹಿಂದೆ ಎಳೆದು ಹೆಬ್ಬೆರಳಿಂದ ಮುಂದೆ ತಳ್ಳಿದರೆ ಆಯಿತು, ಕೆನ್ನೆ ಮರದಿಂದ ಏಳುವುದೇ ಬೇಡ. ತೋಟಾ ಪುಟ್ಟ .22, ಒತ್ತಡ ಕಡಿಮೆ, ಕೇಸು ಕಚ್ಚುವುದಿಲ್ಲ. ಕಂದಕದಲ್ಲಿ ಸೋತ ಕಲ್ಪನೆ ಹಿಮದ ಮೇಲೆ ಗೆದ್ದಿತು. ಆಕ್ಷನ್ ಒಳ್ಳೆಯದೋ ಕೆಟ್ಟದ್ದೋ ಅಂತ ತೋಟಾ ಹೆಸರು ಹೇಳದೆ ಕೇಳಿದರೆ ನಾನು ಉತ್ತರ ಕೊಡದೇ ಇರುವುದು ಇದಕ್ಕೇ.

ತಿರುಗುವ ಬೋಲ್ಟ್‌ಗಳಲ್ಲೂ ಜಗಳ ಇದೆ. 1898ರ ಮೌಸರ್‌ನಲ್ಲಿ ಬೀಗದ ಹಲ್ಲುಗಳು ಬೋಲ್ಟಿನ ಮುಂದಿನ ತುದಿಯಲ್ಲಿ, ತೋಟಾದ ಪಕ್ಕದಲ್ಲೇ ಇವೆ. ಗಟ್ಟಿ, ಬಾಗುವುದಿಲ್ಲ. ಲೀ-ಎನ್‌ಫೀಲ್ಡ್‌ನಲ್ಲಿ ಅವು ಹಿಂದೆ ಇವೆ. ಸಿಡಿದಾಗ ಬೋಲ್ಟ್ ಉದ್ದಕ್ಕೂ ಚೂರು ಅಮುಕುತ್ತದೆ, ಆ ಲೆಕ್ಕದಲ್ಲಿ ಕೊಂಚ ಮೆತ್ತಗೆ. ಬದಲಿಗೆ ಹಿಡಿಯನ್ನು ಮೌಸರ್‌ನಂತೆ 90 ಡಿಗ್ರಿ ಎತ್ತುವ ಬದಲು ಸುಮಾರು 60 ಡಿಗ್ರಿ ಎತ್ತಿದರೆ ಸಾಕು. ಮ್ಯಾಗಜಿನ್‌ನಲ್ಲಿ ಐದರ ಬದಲು ಹತ್ತು ತೋಟಾ. ಯುದ್ಧಕ್ಕೆ ಲೀ-ಎನ್‌ಫೀಲ್ಡ್, ಉಳಿದೆಲ್ಲಕ್ಕೂ ಮೌಸರ್ ಅನ್ನುವುದು ನನ್ನ ತೀರ್ಪು. ಮೌಸರ್‌ಗೆ ಇನ್ನೊಂದು ಗುಣ ಇದೆ: ಅದರ ಅಗಲವಾದ ಕೊಕ್ಕೆ ತೋಟಾ ಮ್ಯಾಗಜಿನ್‌ನಿಂದ ಮೇಲೇಳುವಾಗಲೇ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ. ರೈಫಲ್ ತಲೆಕೆಳಗಾದರೂ ತೋಟಾ ಕೈಬಿಡುವುದಿಲ್ಲ. ಈ ಕೊಕ್ಕೆ ಮಾಡಲು ಖರ್ಚು ಜಾಸ್ತಿ. ವಿಂಚೆಸ್ಟರ್ ಕಂಪನಿ ತನ್ನ ಮಾಡೆಲ್ 70 ರೈಫಲ್‌ನಿಂದ 1964ರಲ್ಲಿ ಅದನ್ನು ಕೈಬಿಟ್ಟಿತು. ಬೇಟೆಗಾರರು ಎಷ್ಟು ಸಿಟ್ಟಾದರೆಂದರೆ '64ಕ್ಕೆ ಮುಂಚಿನದು' ಅನ್ನುವುದೇ ಹಳೆಯ ರೈಫಲ್‌ಗಳಿಗೆ ಹೆಚ್ಚು ಬೆಲೆ ತರುವ ಮಾತಾಯಿತು. ಕೊನೆಗೆ ಕಂಪನಿಯೇ ಆ ಕೊಕ್ಕೆಯನ್ನು ವಾಪಸ್ ತಂದಿತು.

ಲಿವರ್ ಆಕ್ಷನ್ ಬಗ್ಗೆ ಒಂದೇ ಮಾತು. ಟ್ರಿಗರಿನ ಸುತ್ತ ಇರುವ ಬಳೆಯಂಥ ಹಿಡಿಯನ್ನು ಕೆಳಗೆ ಎಳೆದು ಮೇಲೆ ತಂದರೆ ಮುಂದಿನ ತೋಟಾ ಸಿದ್ಧ. ವೇಗ ಚೆನ್ನಾಗಿದೆ. ಆದರೆ ನೆಲಕ್ಕೆ ಮಲಗಿ ಹೊಡೆಯುವವನಿಗೆ ಆ ಹಿಡಿ ಬಿಡಿಸಲು ಜಾಗವಿಲ್ಲ. ಜೊತೆಗೆ ಹೆಚ್ಚಿನವುಗಳಲ್ಲಿ ಮ್ಯಾಗಜಿನ್ ಅಂದರೆ ನಳಿಗೆಯ ಕೆಳಗಿನ ಕೊಳವೆ. ತೋಟಾಗಳು ಒಂದರ ಹಿಂದೊಂದು ಸಾಲಾಗಿ, ಹಿಂದಿನದರ ಮೂತಿ ಮುಂದಿನದರ ಕೇಪಿಗೆ ಒತ್ತಿಕೊಂಡು ಕೂರುತ್ತವೆ. ಚೂಪು ಮೂತಿಯ ಗುಂಡು ಬಂದ ಮೇಲೆ ಇದು ಅಪಾಯ. ಹಾಗಾಗಿ ಅವುಗಳಿಗೆ ಬಹುಕಾಲ ಮೊಂಡು ಮೂತಿಯ ಗುಂಡೇ ಗತಿಯಾಗಿತ್ತು. ಅಂಥ ಗುಂಡು ದೂರ ಹೋದಷ್ಟೂ ಬೇಗ ವೇಗ ಕಳೆದುಕೊಳ್ಳುತ್ತದೆ. ಜೋಡುನಳಿಗೆ ಕೋವಿಯ ಲೆಕ್ಕವೇ ಬೇರೆ. ಎರಡೇ ಈಡು, ಆದರೆ ಮಡಚಿ ತೆರೆದಿಟ್ಟರೆ ಒಳಗೆ ತೋಟಾ ಇಲ್ಲ ಅನ್ನುವುದು ದೂರ ನಿಂತವರಿಗೂ ಕಾಣುತ್ತದೆ. ಬೇರೆ ಯಾವ ಆಕ್ಷನ್ನೂ ಇಷ್ಟು ಬಹಿರಂಗವಾಗಿ ತನ್ನ ಸ್ಥಿತಿ ತೋರಿಸುವುದಿಲ್ಲ.

ಈಗ ತಾನೇ ಲೋಡ್ ಆಗುವವುಗಳಿಗೆ ಬರೋಣ. ಎಲ್ಲಕ್ಕಿಂತ ಸರಳವಾದದ್ದು ಬ್ಲೋಬ್ಯಾಕ್. ಅದರಲ್ಲಿ ಬೀಗವೇ ಇಲ್ಲ. ಭಾರದ ಬೋಲ್ಟು, ಅದರ ಹಿಂದೆ ಒಂದು ಸ್ಪ್ರಿಂಗು. ಕೇಸು ಹಿಂದಕ್ಕೆ ಒದೆಯುತ್ತದೆ, ಭಾರ ಇರುವುದರಿಂದ ಬೋಲ್ಟ್ ನಿಧಾನಕ್ಕೆ ಕದಲುತ್ತದೆ, ಅಷ್ಟರಲ್ಲಿ ಗುಂಡು ಆಚೆ ಹೋಗಿರುತ್ತದೆ. .22 ಅಥವಾ ಪಿಸ್ತೂಲಿನ ತೋಟಾಕ್ಕೆ ಇದು ಸಾಕು. 9 ಮಿ.ಮೀ. ಸಬ್‌ಮಷಿನ್‌ಗನ್‌ನಲ್ಲೇ ಬೋಲ್ಟ್ ಅರ್ಧ ಕಿಲೋ ದಾಟುತ್ತದೆ. ದೊಡ್ಡ ರೈಫಲ್ ತೋಟಾಕ್ಕೆ ಇದೇ ಉಪಾಯ ಮಾಡಹೊರಟರೆ ಬೋಲ್ಟ್ ಒಂದೇ ಹತ್ತು ಕಿಲೋಗೂ ಮೀರುತ್ತದೆ. ಯಾರು ಹೊರುತ್ತಾರೆ?

ಜರ್ಮನಿಯ ಜಿ3 ರೈಫಲ್ ಈ ಭಾರವನ್ನು ತಪ್ಪಿಸಿದ್ದು ಎರಡು ಪುಟ್ಟ ಉರುಳೆಗಳಿಂದ. ಅವು ಬೋಲ್ಟಿನ ತಲೆಯನ್ನು ನಿಧಾನ ಮಾಡುತ್ತವೆ. ಆದರೂ ಒತ್ತಡ ಪೂರ್ತಿ ಇಳಿಯುವ ಮೊದಲೇ ಕೇಸು ಕದಲುತ್ತದೆ. ಹಾಗೇ ಬಿಟ್ಟರೆ ಗೋಡೆಗೆ ಅಂಟಿದ ಹಿತ್ತಾಳೆ ಹರಿದೇ ಹೋದೀತು. ಅದಕ್ಕೆ ಚೇಂಬರಿನ ಒಳಗೆ ಉದ್ದಕ್ಕೆ ಸಣ್ಣ ಗೀರುಗಳನ್ನು ಕೊರೆದಿದ್ದಾರೆ. ಹೊಗೆ ಅದರಲ್ಲಿ ನುಗ್ಗಿ ಕೇಸನ್ನು ಗೋಡೆಯಿಂದ ಬಿಡಿಸಿ ತೇಲಿಸುತ್ತದೆ. ಜಿ3ಯಿಂದ ಬಿದ್ದ ಕೇಸಿನ ಮೈಮೇಲೆ ಕಪ್ಪು ಪಟ್ಟೆಗಳಿರುತ್ತವೆ, ನೋಡಿದ ಕೂಡಲೇ ಗುರುತು ಸಿಗುತ್ತದೆ.

ಪಿಸ್ತೂಲುಗಳಲ್ಲಿ ಹೆಚ್ಚಿನವು, ಗುಂಡು ಮುಂದೆ ಹಾರುವಾಗ ಕೋವಿ ಹಿಂದಕ್ಕೆ ಕೊಡುವ ಒದೆತವನ್ನೇ ಬಳಸುತ್ತವೆ. ಹೀರಮ್ ಮ್ಯಾಕ್ಸಿಮ್ 1884ರ ಸುಮಾರಿಗೆ ತನ್ನ ಮಷಿನ್‌ಗನ್‌ನಲ್ಲಿ ಒದೆತವನ್ನು ಕೆಲಸಕ್ಕೆ ಹಚ್ಚಿದ. ಜಾನ್ ಬ್ರೌನಿಂಗ್ ಅದನ್ನು ಅಂಗೈಗೆ ಹಿಡಿಸಿದ. ನಳಿಗೆ ಮತ್ತು ಮೇಲಿನ ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡೇ ಕೆಲವು ಮಿಲಿಮೀಟರ್ ಹಿಂದೆ ಹೋಗುತ್ತವೆ. ಆಮೇಲೆ ನಳಿಗೆಯ ಹಿಂಭಾಗ ಕೆಳಗೆ ವಾಲಿ ಕಚ್ಚು ಬಿಡುತ್ತದೆ. 1911ರ ಪಿಸ್ತೂಲಿನಿಂದ ಇವತ್ತಿನ ಗ್ಲಾಕ್‌ವರೆಗೆ ಮೂಲ ಇದೇ. ಇದರ ದೌರ್ಬಲ್ಯ ಏನು ಗೊತ್ತಾ? ಹಿಡಿದವನ ಮಣಿಕಟ್ಟು. ಸಡಿಲವಾಗಿ ಹಿಡಿದರೆ ಇಡೀ ಪಿಸ್ತೂಲೇ ಸ್ಲೈಡಿನ ಜೊತೆ ಹಿಂದೆ ಹೋಗುತ್ತದೆ, ಸ್ಲೈಡ್ ಪೂರ್ತಿ ಓಡುವುದಿಲ್ಲ, ಖಾಲಿ ಕೇಸು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ರೈಫಲ್‌ಗಳಲ್ಲಿ ಗೆದ್ದದ್ದು ಗ್ಯಾಸ್. ನಳಿಗೆಗೆ ಒಂದು ಸಣ್ಣ ತೂತು ಕೊರೆದು, ಗುಂಡಿನ ಹಿಂದೆ ಬರುವ ಹೊಗೆಯಲ್ಲಿ ಸ್ವಲ್ಪ ಕದ್ದು, ಅದರಿಂದ ಬೋಲ್ಟ್ ತೆರೆಯುವುದು. ಅಮೆರಿಕದ ಗರಾಂಡ್ 1936ರಲ್ಲೇ ಹೀಗೆ ಸೈನ್ಯ ಸೇರಿತು. ಎಷ್ಟು ಕದಿಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕಡಿಮೆ ಆದರೆ ಬೋಲ್ಟ್ ಅರ್ಧದಲ್ಲೇ ನಿಲ್ಲುತ್ತದೆ. ಜಾಸ್ತಿ ಆದರೆ ಅವಸರದಲ್ಲಿ ತೆರೆದು ಕೇಸಿನ ಅಂಚನ್ನೇ ಕಿತ್ತುಹಾಕುತ್ತದೆ. ಎಕೆ-47 ಧಾರಾಳವಾಗಿ ಕದಿಯುತ್ತದೆ. ಭಾರದ ಪಿಸ್ಟನ್, ಸಡಿಲ ಅಳತೆ, ಕೊಳೆ ಬಿದ್ದರೂ ನೂಕಿಕೊಂಡು ಹೋಗುತ್ತದೆ. ಬೆಲೆ ಏನೆಂದರೆ ಅಷ್ಟು ಕಬ್ಬಿಣ ಹಿಂದೆ ಮುಂದೆ ಓಡುವಾಗ ಗುರಿ ಅಲುಗುತ್ತದೆ. ಬೆಲ್ಜಿಯಂನ ಎಫ್ಎಎಲ್‌ನಲ್ಲಿ ಗ್ಯಾಸ್ ಎಷ್ಟು ಬೇಕೆಂದು ತಿರುಗಿಸಿಕೊಳ್ಳುವ ಬಿರಡೆಯೇ ಇದೆ. ನನಗೆ ಅದು ಬಹಳ ಪ್ರಾಮಾಣಿಕ ವಿನ್ಯಾಸ ಅನ್ನಿಸುತ್ತದೆ.

ಅಮೆರಿಕದ ಎಂ16 ರೈಫಲ್‌ನ ಕಥೆ ಗೊತ್ತಿದ್ದರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಯೂಜೀನ್ ಸ್ಟೋನರ್ ಅದರಲ್ಲಿ ಪ್ರತ್ಯೇಕ ಪಿಸ್ಟನ್ ಸರಳೇ ಇಡಲಿಲ್ಲ. ಹೊಗೆ ಒಂದು ಸಪೂರ ಕೊಳವೆಯಲ್ಲಿ ನೇರ ಬೋಲ್ಟಿನ ಮನೆಗೇ ಬರುತ್ತದೆ. ಹಗುರ, ಓಡುವ ಭಾಗಗಳೆಲ್ಲ ನಳಿಗೆಯ ನೇರಕ್ಕೇ, ಗುರಿ ಅಷ್ಟಾಗಿ ಅಲುಗುವುದಿಲ್ಲ. ಆದರೆ ಅದನ್ನು ಹೊಂದಿಸಿದ್ದು ಒಂದು ಬಗೆಯ ಮದ್ದಿಗೆ. ಆಮೇಲೆ ಅಮೆರಿಕದ ಸೈನ್ಯ ತೋಟಾದ ಮದ್ದನ್ನೇ ಬದಲಾಯಿಸಿತು. ಹೊಸ ಮದ್ದಿನಲ್ಲಿ ರೈಫಲ್ ಇನ್ನೂ ವೇಗವಾಗಿ ಓಡಿತು, ಕೊಳೆಯೂ ಜಾಸ್ತಿಯಾಯಿತು. ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ. ಒರೆಸುವ ಸಾಮಾನು ಸಾಕಷ್ಟು ಕೊಟ್ಟಿರಲಿಲ್ಲ. ವಿಯೆಟ್ನಾಂನಲ್ಲಿ ಕೇಸುಗಳು ಚೇಂಬರಿನಲ್ಲೇ ಕಚ್ಚಿಕೊಂಡವು. ಕಡ್ಡಿ ಹಾಕಿ ಕುಟ್ಟಿ ತೆಗೆಯಲು ಹೋಗಿ ಜನ ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ವಿಚಾರಣೆ ಮಾಡಿತು. ಕ್ರೋಮ್ ಲೇಪ, ತಿದ್ದಿದ ಬಫರ್ (ಹಿಂದೆ ಓಡಿಬರುವ ಬೋಲ್ಟಿನ ವೇಗ ತಗ್ಗಿಸುವ ಭಾಗ), ಒರೆಸುವ ತರಬೇತಿ ಬಂದ ಮೇಲೆ ಅದೇ ವಿನ್ಯಾಸ ಇವತ್ತಿಗೂ ಓಡುತ್ತಿದೆ.

ಅದೇ ಹೊಸ ಮದ್ದನ್ನು ಬೋಲ್ಟ್ ಆಕ್ಷನ್ನಿಗೆ ಹಾಕಿದ್ದರೆ? ಗುಂಡು ಬೀಳುವ ಜಾಗ ಚೂರು ಬದಲಾಗುತ್ತಿತ್ತು, ಅಷ್ಟೇ. ಹಿಡಿ ಸ್ವಲ್ಪ ಬಿಗಿಯಾದರೆ ಕೈಗೇ ಗೊತ್ತಾಗುತ್ತದೆ, ಕೈ ಇನ್ನಷ್ಟು ಬಲ ಹಾಕುತ್ತದೆ. ಮೆತ್ತಗಿನ ತೋಟಾ, ಖಡಕ್ ತೋಟಾ, ಮನೆಯಲ್ಲೇ ಅಳೆದು ತುಂಬಿದ ತೋಟಾ, ಯಾವುದಾದರೂ ಸರಿ. ಕೇಪು ಸಿಡಿಯದಿದ್ದರೂ ತೊಂದರೆ ಇಲ್ಲ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ತಡವಾಗಿ ಸಿಡಿದರೂ ಸಿಡಿಯಬಹುದು ಅಂತ ಅರ್ಧ ನಿಮಿಷವಾದರೂ ಕಾದು, ಎಳೆದು ಹಾಕಿದರಾಯಿತು. ಗುರಿಯ ವಿಷಯಕ್ಕೆ ಬಂದರೆ, ಗುಂಡು ನಳಿಗೆ ಬಿಡುವವರೆಗೂ ಒಳಗೆ ಬೋಲ್ಟಿನ ಜಾಗದಲ್ಲಿ ಏನೂ ಓಡುತ್ತಿರುವುದಿಲ್ಲ, ನಳಿಗೆಗೆ ಪಿಸ್ಟನ್ನು ಕೊಳವೆ ಅಂತ ಏನೂ ನೇತಾಡುವುದಿಲ್ಲ. ಈ ಅಂತರ ಈಗ ಬಹಳ ಕಡಿಮೆಯಾಗಿದೆ, ಒಳ್ಳೆಯ ಗ್ಯಾಸ್ ರೈಫಲ್‌ಗಳು ಅಚ್ಚರಿಯಾಗುವಷ್ಟು ನಿಖರ. ಅದೇ ಮಟ್ಟವನ್ನು ಬೋಲ್ಟ್‌ನಲ್ಲಿ ಮುಟ್ಟುವುದು ಅಗ್ಗ, ಅಷ್ಟೇ ವ್ಯತ್ಯಾಸ.

ಬೋಲ್ಟ್ ಆಕ್ಷನ್ ಸೋಲುವುದು ಒಂದೇ ಕಡೆ, ಎರಡನೇ ಗುಂಡು ತಕ್ಷಣ ಬೇಕಾದಾಗ. ಅಲ್ಲಿ ಕೈಯ ಜಾಣತನ ಉಪಯೋಗಕ್ಕೆ ಬರುವುದಿಲ್ಲ. ಎಷ್ಟೋ ಸೈನ್ಯಗಳಲ್ಲಿ ಸ್ನೈಪರ್ ಜೋಡಿ ಹೊರಡುವಾಗ ಗುರಿ ಹೊಡೆಯುವವನ ಕೈಯಲ್ಲಿ ಬೋಲ್ಟ್ ಆಕ್ಷನ್, ದುರ್ಬೀನು ಹಿಡಿದ ಜೊತೆಗಾರನ ಹೆಗಲಲ್ಲಿ ತಾನೇ ಲೋಡ್ ಆಗುವ ರೈಫಲ್ ಇರುವುದು ಅದಕ್ಕೇ.