ಮೈಕ್ ಮುಂದೆ ನಿಂತಾಗ ತೇಗು ಬಾರದಿರಲು

ಭಾಷಣಕ್ಕೆ ಮುಂಚೆ ತೇಗು ಶುರುವಾದರೆ ಎಲ್ಲರೂ ದೂರುವುದು ಊಟವನ್ನು. ಊಟದ್ದೂ ಪಾಲಿದೆ, ನಿಜ. ಆದರೆ ಆಗ ಹೊರಬರುವುದು ಹೆಚ್ಚಾಗಿ ನಾವೇ ನುಂಗಿದ ಗಾಳಿ. ಪ್ರತಿ ಗುಟುಕಿನ ಜೊತೆ ಒಂದಿಷ್ಟು ಗಾಳಿ ಹೊಟ್ಟೆಗೆ ಇಳಿಯುತ್ತದೆ. ಅಳುಕು ಹೆಚ್ಚಿದಾಗ ಬಾಯಿ ಒಣಗುತ್ತದೆ, ಪದೇ ಪದೇ ಉಗುಳು ನುಂಗುತ್ತೇವೆ, ನಿಮಿಷಕ್ಕೊಮ್ಮೆ ನೀರಿನ ಬಾಟಲಿ ಎತ್ತುತ್ತೇವೆ. ಹೊಟ್ಟೆಯ ಮೇಲ್ಭಾಗ ಹಿಗ್ಗಿದಾಗ ಅನ್ನನಾಳದ ಕೆಳಬಾಯಿ ತಾನಾಗಿ ಸಡಿಲಗೊಂಡು ಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಹಾಗಾಗಿ ಏನು ತಿಂದಿರಿ ಎನ್ನುವುದಕ್ಕಿಂತ ಕೊನೆಯ ಒಂದು ಗಂಟೆಯಲ್ಲಿ ಹೇಗೆ ನುಂಗಿದಿರಿ ಎನ್ನುವುದೇ ಮುಖ್ಯ.

ಊಟದ ವಿಷಯ ಬೇಗ ಮುಗಿಸೋಣ. ಮಾತಿಗೆ ಎರಡೂವರೆ, ಮೂರು ಗಂಟೆ ಮುಂಚೆ, ಎಂದಿನದಕ್ಕಿಂತ ಕಡಿಮೆ, ನಿಧಾನವಾಗಿ ಅಗಿದು ತಿನ್ನಿ. ಕರಿದದ್ದು, ಜಿಡ್ಡಿನದು ಬೇಡ. ಅದು ಹೊಟ್ಟೆಯಿಂದ ಮುಂದಕ್ಕೆ ಸಾಗುವುದು ತಡ. ಪೂರ್ತಿ ಉಪವಾಸವೂ ಬೇಡ. ಖಾಲಿ ಹೊಟ್ಟೆಯ ಸಂಕಟಕ್ಕೆ ಮತ್ತಷ್ಟು ನೀರು ಕುಡಿಯುತ್ತೀರಿ, ಅಷ್ಟೆ.

ಗ್ಯಾಸ್ ತುಂಬಿದ ತಂಪು ಪಾನೀಯವನ್ನು ಅಂದು ಮುಟ್ಟಲೇಬೇಡಿ. ಕೋಲಾದಂಥ ಪಾನೀಯದಲ್ಲಿ ಅದರ ಗಾತ್ರದ ಮೂರು ಪಟ್ಟಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಹೊಟ್ಟೆ ಹಗುರಾಗಲಿ ಎಂದು ಕುಡಿಯುವ ಅಡುಗೆ ಸೋಡಾ ನೀರೂ, ನೊರೆಯೇಳುವ ಆಂಟಾಸಿಡ್ ಪುಡಿಯೂ ಇದೇ ಜಾತಿ. ಹೊಟ್ಟೆಯ ಆಮ್ಲ ಸೇರಿದೊಡನೆ ಗ್ಯಾಸ್ ಹುಟ್ಟುತ್ತದೆ. ಇನ್ನು ಗಂಟಲು ಚೆನ್ನಾಗಿರಲಿ ಎಂದು ಚಪ್ಪರಿಸುವ ಪೆಪ್ಪರ್‌ಮಿಂಟ್! ಎರಡು ಕಡೆಯಿಂದ ಕೆಡಿಸುತ್ತದೆ. ಚೀಪುತ್ತಾ ಇದ್ದರೆ ಉಗುಳಿನ ಜೊತೆ ಗಾಳಿ ನುಂಗುವುದು ಹೆಚ್ಚು. ಮೇಲಾಗಿ ಪುದೀನ ಎಣ್ಣೆ ಅನ್ನನಾಳದ ಆ ಕೆಳಬಾಯಿಯನ್ನು ಸಡಿಲಿಸುತ್ತದೆ. ಚೂಯಿಂಗ್ ಗಮ್ಮಿನದೂ ಇದೇ ಕಥೆ.

ನೀರು ಬೇಕೇ ಬೇಕು. ಬೇಕಾದಷ್ಟನ್ನು ಬೆಳಗಿನಿಂದಲೇ ಕುಡಿದಿಟ್ಟುಕೊಳ್ಳಿ, ಕೊನೆಯ ಅರ್ಧ ಗಂಟೆಗೆ ಬಾಯಿ ಒದ್ದೆಯಾಗುವಷ್ಟು ಸಾಕು. ಕಿರಿದಾದ ಬಾಯಿಯ ಬಾಟಲಿಯನ್ನು ಎತ್ತಿ ಗಟಗಟ ಕುಡಿಯುವಾಗ ನೀರಿನ ಜೊತೆ ಗಾಳಿಯೂ ಒಳಗಿಳಿಯುತ್ತದೆ. ಸ್ಟ್ರಾ ಕೂಡ ಒಳ್ಳೆಯದಲ್ಲ, ಕೊಳವೆಯಲ್ಲಿರುವ ಗಾಳಿಯೇ ಮೊದಲು ಬಾಯಿಗೆ ಬರುತ್ತದೆ. ಲೋಟವೇ ವಾಸಿ. ತುಟಿಗಿಟ್ಟು ಚಿಕ್ಕ ಗುಟುಕು ತೆಗೆದುಕೊಳ್ಳಿ, ಲೋಟ ಇಳಿಸಿ, ಆಮೇಲೆ ಒಂದೇ ಸಲ ನುಂಗಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ಎಲ್ಲ ಈಗಲೇ ಹೋಗಿಬಿಡಲಿ ಎಂದು ಬಲವಂತವಾಗಿ ತೇಗುವುದು. ಹಾಗೆ ಮಾಡಲು ಮೊದಲು ಗಾಳಿ ಒಳಗೆಳೆಯಬೇಕಲ್ಲ! ಎಳೆದದ್ದರಲ್ಲಿ ಸ್ವಲ್ಪ ಹೊಟ್ಟೆಗೂ ಜಾರಿದರೆ ಮತ್ತೆ ಉಬ್ಬರ, ಮತ್ತೆ ತೇಗು. ಒಂದರ ಹಿಂದೊಂದು, ರುಚಿ ವಾಸನೆ ಏನೂ ಇಲ್ಲದೆ ಸರಣಿಯಾಗಿ ಬರುತ್ತಿದ್ದರೆ ಬಹುಶಃ ಈ ಬಗೆಯದೇ. ಅಲ್ಲಿ ಗಾಳಿ ಹೊಟ್ಟೆಯವರೆಗೂ ಹೋಗದೆ ಅನ್ನನಾಳದಿಂದಲೇ ತಿರುಗಿ ಬರುತ್ತಿರುತ್ತದೆ. ಅದು ರೂಢಿ, ಅಜೀರ್ಣವಲ್ಲ. ಇದಕ್ಕೆ ಔಷಧಿಗಿಂತ ಉಸಿರಾಟವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಇಟ್ಟು, ಬಾಯಿಯನ್ನು ಬೆರಳು ತೂರುವಷ್ಟು ತೆರೆದಿಡಿ. ಬಾಯಿ ತೆರೆದಿದ್ದಾಗ ನುಂಗುವುದು ಕಷ್ಟ, ಗುಟ್ಟು ಇರುವುದೇ ಅಲ್ಲಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ ಇಟ್ಟು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಕೆಳಗಿನ ಕೈ ಮಾತ್ರ ಏಳಬೇಕು. ಎದೆ ಏಳುತ್ತಿದ್ದರೆ ಇನ್ನೂ ನಿಧಾನಿಸಿ. ಐದು ನಿಮಿಷ ಸಾಕು. ಆದರೆ ಭಾಷಣದ ದಿನವೇ ಮೊದಲ ಸಲ ಮಾಡಿದರೆ ಕೈಗೂಡುವುದಿಲ್ಲ, ಕೆಲವು ದಿನ ಮುಂಚಿನಿಂದಲೇ ಅಭ್ಯಾಸ ಬೇಕು.

ಸರದಿ ಕಾಯುವಾಗ ಮುದುಡಿ ಕೂರಬೇಡಿ, ಹೊಟ್ಟೆ ಒತ್ತುತ್ತದೆ. ಬೆಲ್ಟ್ ಒಂದು ತೂತು ಸಡಿಲಿಸಿ, ಹತ್ತು ನಿಮಿಷ ಅಡ್ಡಾಡಿ. ತಾನಾಗಿ ಬರುವ ತೇಗು ಅಲ್ಲೇ ಬರಲಿ, ತಡೆಯಬೇಡಿ.

ಇಷ್ಟಾದರೂ ಮಾತಿನ ನಡುವೆ ಬಂದರೆ? ವಾಕ್ಯ ಮುಗಿಸಿ, ಮೈಕಿನಿಂದ ಮುಖ ಸರಿಸಿ, ತುಟಿ ಮುಚ್ಚಿ, ಗಂಟಲು ಬಿಗಿಯದೆ ಮೂಗಿನಿಂದ ನಿಧಾನವಾಗಿ ಬಿಡಿ. ಸದ್ದು ಹುಟ್ಟುವುದು ಅನ್ನನಾಳದ ಮೇಲ್ಬಾಯಿ ಅದುರಿದಾಗ; ನಿಧಾನವಾಗಿ ಬಿಟ್ಟಷ್ಟೂ ಸದ್ದು ಕಡಿಮೆ. ನುಂಗಿ ಅದುಮಿದರೆ ಎರಡು ವಾಕ್ಯ ಕಳೆಯುವಷ್ಟರಲ್ಲಿ ಮತ್ತೆ ಬರುತ್ತದೆ. ಕಾಲರಿಗೆ ಸಿಕ್ಕಿಸುವ ಮೈಕ್ ಆದರೆ ಮುಖ ತಿರುಗಿಸಿ ಪ್ರಯೋಜನವಿಲ್ಲ, ಅದು ಎದೆಯ ಮೇಲೇ ಇರುತ್ತದೆ. ಅಂಥ ಕಡೆ ಮ್ಯೂಟ್ ಗುಂಡಿ ಎಲ್ಲಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಭಾಷಣವಿಲ್ಲದ ದಿನಗಳಲ್ಲೂ ತೇಗು ಬಿಡದಿದ್ದರೆ, ಜೊತೆಗೆ ಎದೆಯುರಿ, ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ವೈದ್ಯರಿಗೆ ತೋರಿಸಬೇಕು. ಉಸಿರಾಟದ ಅಭ್ಯಾಸ ಅದಕ್ಕೆ ಮದ್ದಲ್ಲ.