ಉಬುಂಟು ಹಾಕುವ ಮುಂಚೆ ಬಿಟ್‌ಲಾಕರ್ ಕೀ ಹುಡುಕಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಕಾಲೇಜು ಶುರುವಾದರೆ ಇಂಜಿನಿಯರಿಂಗ್ ಹುಡುಗರು ಜಾಸ್ತಿ ಬರುತ್ತಾರೆ. "ಅಣ್ಣಾ, ವಿಂಡೋಸ್ ಹಂಗೇ ಇರ್ಲಿ, ಬಾಜೂಕ ಉಬುಂಟು ಹಾಕಿಕೊಡ್ರಿ. ಡಾಟಾ ಹೋಗಂಗಿಲ್ಲಲ್ರೀ?"

ಉಬುಂಟು ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್), ಲಿನಕ್ಸ್‌ನ ಒಂದು ಬಗೆ. ನಾನು ತಿರುಗಿ ಕೇಳುವುದು ಒಂದೇ: ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ ಬಿಟ್‌ಲಾಕರ್, ಅದನ್ನು ತೆರೆಯುವ ರಿಕವರಿ ಕೀ ಎಲ್ಲಿದೆ? ಹತ್ತರಲ್ಲಿ ಒಂಬತ್ತು ಮಂದಿ ಮುಖ ನೋಡುತ್ತಾರೆ. ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ, ಎಷ್ಟೋ ಸಲ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಹುಡುಗನಿಗೆ ಗೊತ್ತೇ ಇರುವುದಿಲ್ಲ. ಆಮೇಲೆ ಉಬುಂಟು ಹಾಕಲು ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಾದ ಸೆಕ್ಯೂರ್ ಬೂಟ್ ಬದಲಿಸಿದಿರೋ, ಬೂಟ್ ಕ್ರಮ ಬದಲಿಸಿದಿರೋ, ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತದೆ. ಕೀ ಇರುವುದು ಆ ಅಕೌಂಟ್‌ನಲ್ಲಿ. ಲ್ಯಾಪ್‌ಟಾಪ್ ಕೊಂಡ ದಿನ ಅಣ್ಣನೋ ಅಂಗಡಿಯವನೋ ಯಾವ ಇಮೇಲ್ ಹಾಕಿದ್ದರೋ, ಯಾರಿಗೆ ನೆನಪು? ಕೀ ಇಲ್ಲದಿದ್ದರೆ ಫೋಟೋ, ಪ್ರಾಜೆಕ್ಟ್ ಎಲ್ಲ ಹೋದ ಹಾಗೇ. ಅದಕ್ಕೆ ಕೀ ಕಾಗದದ ಮೇಲೆ ಬರೆದು ತಂದವರ ಕೆಲಸ ಮಾತ್ರ ನೇರವಾಗಿ ಹಿಡಿಯುತ್ತೇನೆ. ಇಲ್ಲವಾದರೆ ಮೊದಲು ಎನ್‌ಕ್ರಿಪ್ಶನ್ ಪೂರ್ತಿ ಆಫ್ ಮಾಡಿ, ಬ್ಯಾಕಪ್ ತೆಗೆಯುತ್ತೇನೆ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಕೂಡ ಆಫ್ ಮಾಡಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಬಂದ್ ಆಗುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಲಿನಕ್ಸ್‌ನಿಂದ ಆ ಡ್ರೈವ್ ತೆರೆದರೆ ಓದಬಹುದಷ್ಟೇ, ಏನೂ ಬರೆಯಲು ಬಿಡುವುದಿಲ್ಲ.

ಇನ್ನು ಉಬುಂಟುಗೆ ಜಾಗ ಮಾಡುವುದು. ಸಿ ಡ್ರೈವ್ ಕಿರಿದು ಮಾಡುವುದನ್ನು ನಾನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡುತ್ತೇನೆ. ತನ್ನ ಫೈಲ್ ಎಲ್ಲಿವೆ ಅಂತ ಅದಕ್ಕೇ ಚೆನ್ನಾಗಿ ಗೊತ್ತು. ಅರ್ಧ ಡ್ರೈವ್ ಖಾಲಿ ಇದ್ದರೂ ಕೆಲವೊಮ್ಮೆ ಚೂರೇ ಜಾಗ ಬಿಡುತ್ತದೆ. ಪೇಜ್‌ಫೈಲ್, ಹೈಬರ್ನೇಶನ್ ಫೈಲ್ ಎಂಬ, ಸರಿಸಲಾಗದ ವಿಂಡೋಸ್ ಫೈಲ್‌ಗಳು ನಡುವೆ ಕೂತಿರುತ್ತವೆ. ಎರಡನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಅಂದ ಹಾಗೆ, "512 ಜಿಬಿ ಅಂದಿದ್ರು, 476 ತೋರಸ್ತದ, ಉಳಿದಿದ್ದು ಎಲ್ಲಿ ಹೋಯ್ತು?" ಅಂತ ಕೇಳದವರಿಲ್ಲ. ಎಲ್ಲೂ ಹೋಗಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಡಿಸ್ಕ್‌ನಲ್ಲಿ ಸುಮಾರು 100 ಎಂಬಿಯ ಇಎಫ್ಐ ಎಂಬ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಕಂಡರೆ ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಬೂಟ್ ಆಗುವುದು ಅದರಿಂದಲೇ. ಲಿನಕ್ಸ್ ಕೂಡ ಅದನ್ನೇ ಹಂಚಿಕೊಳ್ಳುತ್ತದೆ.

ಹಳೇ ಡೆಸ್ಕ್‌ಟಾಪ್‌ಗಳ ಕಥೆಯೇ ಬೇರೆ. ಅವುಗಳ ಡಿಸ್ಕ್‌ನಲ್ಲಿ ಪಾರ್ಟಿಶನ್ ಲೆಕ್ಕ ಇಡುವುದು ಎಂಬಿಆರ್ ಎಂಬ ಹಳೇ ಪದ್ಧತಿ, ಅದರಲ್ಲಿ ನಾಲ್ಕೇ ಪ್ರೈಮರಿ (ಮುಖ್ಯ) ಪಾರ್ಟಿಶನ್. ನಾಲ್ಕೂ ತುಂಬಿದ್ದಾಗ ಇನ್ನೊಂದು ಮಾಡಲು ಹೋದರೆ, ಡಿಸ್ಕನ್ನು ಡೈನಾಮಿಕ್ (ವಿಂಡೋಸ್‌ನದೇ ಬೇರೆ ಬಗೆ) ಮಾಡಲೇ ಅಂತ ವಿಂಡೋಸ್ ಕೇಳುತ್ತದೆ. ಓದದೆ ಯೆಸ್ ಒತ್ತಿದರೆ ಅದರ ಮೇಲೆ ಎರಡನೇ ಓಎಸ್ ಹಾಕುವ ಆಸೆ ಬಿಡಬೇಕು.

ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನ ಪಾರ್ಟಿಶನ್‌ಗೆ ಯುಪಿಎಸ್ ಇಲ್ಲದೆ ಕೈ ಹಾಕುವುದಿಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ.

ಎಲ್ಲ ಮುಗಿದ ಮೇಲೂ ಒಂದು ಫೋನ್ ಬಂದೇ ಬರುತ್ತದೆ: "ಅಣ್ಣಾ, ವಿಂಡೋಸ್‌ನಾಗ ಟೈಮ್ ಐದೂವರೆ ತಾಸು ಹಿಂದ ಅದ." ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ವಿಶ್ವ ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಈಗ ನಾನು ಲ್ಯಾಪ್‌ಟಾಪ್ ಕೊಡುವ ಮುಂಚೆಯೇ ಉಬುಂಟುವಿನಲ್ಲಿ ಒಂದು ಕಮಾಂಡ್ ಕೊಟ್ಟು, ಅದೂ ಲೋಕಲ್ ಟೈಮ್ ಇಡುವಂತೆ ಮಾಡಿಬಿಡುತ್ತೇನೆ.